ಮೈಕ್ರೋಫೈನಾನ್ಸ್ ಸಾಲವೆಲ್ಲ ಮನ್ನಾ ಆಗಿದೆಯೇ?

ಹೊಸ ಕಾನೂನು ಬಂದಿದೆ, ಇನ್ನು ಕಂತು ಕಟ್ಟಬೇಕಿಲ್ಲ ಎನ್ನುವ ಮೆಸೇಜು ವಾಟ್ಸಾಪಿನಲ್ಲಿ ಆಗಾಗ ಬರುತ್ತಿರುತ್ತದೆ. ಕಂತಿನ ದಿನ ಎದೆ ಡವಗುಟ್ಟುವವರಿಗೆ ನಂಬೋಣ ಅನ್ನಿಸುವುದು ಸಹಜ ಅಲ್ವಾ? ಆದರೆ ಅದು ನಿಜವಲ್ಲ.

ಕರ್ನಾಟಕದಲ್ಲಿ 2025ರಲ್ಲಿ ಕಾನೂನು ಬಂದದ್ದು ಹೌದು. ಆದರೆ ಅದು ಸಾಲ ತೀರಿತು ಎನ್ನುವುದು, ನೋಂದಣಿ, ಲೈಸೆನ್ಸ್ ಇಲ್ಲದವರು ಬಡವರಿಗೆ ಕೊಟ್ಟ ಸಾಲಕ್ಕೆ ಮಾತ್ರ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಂಡ ಬ್ಯಾಂಕು, ಫೈನಾನ್ಸ್ ಕಂಪನಿಗಳು ಅದರ ವ್ಯಾಪ್ತಿಗೇ ಬರುವುದಿಲ್ಲ. ಮೆಸೇಜು ನಂಬಿ ಸುಮ್ನೆ ಕಂತು ನಿಲ್ಲಿಸಿದರೆ ಬಾಕಿ ಬೆಳೆಯುತ್ತದೆ, ಮುಂದೆ ಸಾಲ ಸಿಗುವುದೂ ಕಷ್ಟ.

ಹಾಗಂತ ಆ ಕಂಪನಿಗಳು ಹೇಗೆ ಬೇಕಾದರೂ ವಸೂಲಿ ಮಾಡುವಂತಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಮೈಕ್ರೋಫೈನಾನ್ಸ್ ಸಾಲಕ್ಕಾಗಿ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡಬಾರದು. ಬೆದರಿಕೆ, ಬೈಗುಳ ಕೂಡದು. ವಸೂಲಿಗೆ ಬರುವ ಏಜೆಂಟ್ ಮಾಡಿದ ತಪ್ಪಿಗೂ ಕಂಪನಿಯೇ ಹೊಣೆ.

ನಿಮ್ಮ ಸಾಲ ಯಾವ ಬಗೆಯದು? ಸಾಲದ ಕಾರ್ಡಿನಲ್ಲಿ ಕಂಪನಿಯ ಪೂರ್ತಿ ಹೆಸರು ನೋಡಿ. ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ನೋಂದಾಯಿತ ಕಂಪನಿಗಳ ಪಟ್ಟಿ ಇದೆ, ಅಲ್ಲಿ ಹುಡುಕಿ. ಅಕ್ಷರ ಅಕ್ಷರ ಹೊಂದಬೇಕು, ಹತ್ತಿರದ ಹೆಸರು ಇಟ್ಟುಕೊಂಡು ಯಾಮಾರಿಸುವವರೂ ಇದ್ದಾರೆ. ಊರಿನ ಲೇವಾದೇವಿಯವರಾದರೆ ಲೈಸೆನ್ಸ್ ತೋರಿಸಿ ಎಂದು ಕೇಳಿ. ಪಟ್ಟಿಯಲ್ಲಿರುವ ಕಂಪನಿ ಕಿರುಕುಳ ಕೊಟ್ಟರೆ ಮೊದಲು ಅದಕ್ಕೇ ಬರೆದು ದೂರು ಕೊಡಿ. ಮುಂದಿನ ದಾರಿ ಕೇಳಲು ರಿಸರ್ವ್ ಬ್ಯಾಂಕಿನ 14448ಕ್ಕೆ ಕರೆ ಮಾಡಬಹುದು.