ಹ್ಯಾಂಗರ್ ಉಳಿಯಿತು, ನಮ್ಮ ಶಾಫ್ಟ್‌ಗಳು?

ಕೆಜಿಎಫ್ ಚಿನ್ನದ ಗಣಿಯ ಶಾಫ್ಟ್‌ಗಳ, ಅಂದರೆ ಆಳಕ್ಕೆ ಇಳಿಯುವ ಬಾವಿಗಳ ಮತ್ತು ಅವುಗಳ ಮೇಲಿನ ಗೋಪುರಗಳ, ಮಾತೆತ್ತಿದರೆ ಕೋಲಾರದಲ್ಲಿ ಸಿಗುವ ಉತ್ತರ ಒಂದೇ: ‘ಮುಗಿದ ಕತೆ, ಗುಜರಿಗೆ ಹಾಕಿ.’ ಹಾಗೆನ್ನುವವರು ಕ್ಯಾಲಿಫೋರ್ನಿಯಾದ ಮೊಫೆಟ್ ಫೀಲ್ಡ್‌ನಲ್ಲಿರುವ ಹ್ಯಾಂಗರ್ ಒನ್ ಎಂಬ ದೈತ್ಯ ಕೊಟ್ಟಿಗೆಯ ಬಗ್ಗೆ ಸ್ವಲ್ಪ ಕೇಳಿಸಿಕೊಳ್ಳಲಿ.

ಅಮೆರಿಕದ ನೌಕಾಪಡೆ ಅದನ್ನು 1930ರ ದಶಕದ ಆರಂಭದಲ್ಲಿ ಮೇಕನ್ ಎಂಬ 785 ಅಡಿ ಉದ್ದದ, ಹಗುರ ಅನಿಲ ತುಂಬಿ ತೇಲಿಸುವ ವಾಯುನೌಕೆಗಾಗಿ ಕಟ್ಟಿಸಿತು. ಹ್ಯಾಂಗರಿನ ಉದ್ದ 1,133 ಅಡಿ, ಎತ್ತರ 198 ಅಡಿ. ಎರಡೂ ತುದಿಗಳಲ್ಲಿ ಕಿತ್ತಳೆ ಸಿಪ್ಪೆ ಸುಲಿದಂತೆ ಇಬ್ಭಾಗವಾಗಿ ಸರಿಯುವ ಬಾಗಿಲುಗಳು. ಇಷ್ಟೆಲ್ಲ ಮಾಡಿದ್ದು ಯಾರಿಗಾಗಿಯೋ ಆ ಮೇಕನ್ 1935ರ ಫೆಬ್ರುವರಿಯಲ್ಲಿ ಸಮುದ್ರ ಸೇರಿತು. ಪಕ್ಕದಲ್ಲೇ 1939ರಲ್ಲಿ ಶುರುವಾದ ವಿಮಾನ ಸಂಶೋಧನಾಲಯವೇ ಇಂದಿನ ನಾಸಾ ಏಮ್ಸ್ ಕೇಂದ್ರ.

ಮುಂದೆ ಹ್ಯಾಂಗರಿನ ಹೊದಿಕೆಯಲ್ಲಿ ಸೀಸ, ಪಿಸಿಬಿ ಎಂಬ ರಾಸಾಯನಿಕದಂಥ ವಿಷವಿರುವುದು ಗೊತ್ತಾಯಿತು. ಕೆಡವುವ ಯೋಚನೆಯೂ ಬಂತು. ಊರಿನವರು ಸುಮ್ಮನಿರಲಿಲ್ಲ. 2011-12ರಲ್ಲಿ ವಿಷದ ಹಾಳೆಗಳನ್ನಷ್ಟೇ ಕಳಚಿ, ಉಕ್ಕಿನ ಅಸ್ಥಿಪಂಜರವನ್ನು ಹಾಗೆಯೇ ಬಿಟ್ಟರು. 2014ರಲ್ಲಿ ಗೂಗಲ್‌ನ ಅಂಗಸಂಸ್ಥೆಯೊಂದು ಇಡೀ ವಾಯುನೆಲೆಯನ್ನು 60 ವರ್ಷಕ್ಕೆ ಗುತ್ತಿಗೆ ಹಿಡಿಯಿತು. ಒಟ್ಟು ಬಾಡಿಗೆ 116 ಕೋಟಿ ಡಾಲರ್. ಹ್ಯಾಂಗರನ್ನು ದುರಸ್ತಿ ಮಾಡುವ ಹೊಣೆಯೂ ಅದರದ್ದೇ. ಹೇಳಿದ ಉದ್ದೇಶ ವಿಮಾನ, ಬಾಹ್ಯಾಕಾಶ, ರೋಬೋಟ್ ಸಂಶೋಧನೆ. ಅದೇ ನೆಲೆಯ ಎರಡನೇ ಹ್ಯಾಂಗರಿನಿಂದ 2023ರಲ್ಲಿ ಪಾತ್‌ಫೈಂಡರ್ 1 ಎಂಬ ಹೊಸ ವಾಯುನೌಕೆ ಹೊರಗೆ ಬಂತು.

ನಮ್ಮಲ್ಲೂ ವಿಷದ ನೆಪವೇ ಮುಂದೆ ಬರುತ್ತದೆ. ಸಯನೈಡ್ ಗುಡ್ಡಗಳ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ತ್ಯಾಜ್ಯದ ರಾಶಿಗಳ, ಧೂಳು ಗಾಳಿ ಎದ್ದಾಗ ಕಿಟಕಿಯ ಸಂದಿಯಲ್ಲಿ ನುಗ್ಗಿ, ಒಣಹಾಕಿದ ಬಟ್ಟೆಯ ಮೇಲೂ ಕೂರುತ್ತದೆ, ಅದು ಸುಳ್ಳಲ್ಲ. ಆದರೆ ಗುಡ್ಡವನ್ನು ಸರಿಪಡಿಸುವುದು ಬೇರೆ, ಶಾಫ್ಟ್ ಮೇಲಿನ ಉಕ್ಕಿನ ಗೋಪುರವನ್ನು ಕತ್ತರಿಸಿ ತೂಕಕ್ಕೆ ಹಾಕುವುದು ಬೇರೆ.

ಗಣಿ ಚಿನ್ನ ತೆಗೆಯುತ್ತಿದ್ದಾಗಲೇ ಸಂಶೋಧನೆಗೂ ಜಾಗ ಕೊಟ್ಟಿತ್ತು. ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಡಿ ಎರಡು ಕಿಲೋಮೀಟರಿಗೂ ಕೆಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳ ಜೊತೆ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣಗಳ ಸುಳಿವು ಹಿಡಿದರು. ಇದನ್ನು ನಮ್ಮ ಜಿಲ್ಲೆಯ ಎಷ್ಟು ಶಾಲೆಗಳಲ್ಲಿ ಹೇಳಿಕೊಡುತ್ತಾರೋ ದೇವರೇ ಬಲ್ಲ.

2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿತು, ಕೆಳಗೆ ನೀರು ತುಂಬಿತು. ಮತ್ತೆ ಅಷ್ಟು ಆಳಕ್ಕೆ ಇಳಿಸಿ ಎನ್ನುವಷ್ಟು ಪೆದ್ದ ನಾನಲ್ಲ. ಗೂಗಲ್‌ನಂಥ ಬಾಡಿಗೆದಾರ ನಮಗೆ ಸಿಗುವುದೂ ಇಲ್ಲ. ನನ್ನ ಬೇಡಿಕೆ ಚಿಕ್ಕದು. ಗುಜರಿ ಟೆಂಡರಿಗೆ ಮುಂಚೆ, ಯಾವ ಗೋಪುರ, ಯಾವ ಎಂಜಿನ್ ಮನೆ ಉಳಿಯಬೇಕೆಂದು ಪಟ್ಟಿ ಮಾಡಿ ಪ್ರಕಟಿಸಿ. ಅವುಗಳಲ್ಲಿ ಒಂದನ್ನಾದರೂ ದುರಸ್ತಿ ಮಾಡಿ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳಿಗೆ ಪ್ರಯೋಗಾಲಯವಾಗಿ ಕೊಡಿ. ಟಿಕೆಟ್ ಹರಿದು ಒಳಗೆ ಬಿಡುವ ಇನ್ನೊಂದು ವಸ್ತುಸಂಗ್ರಹಾಲಯ ಮಾತ್ರ ಬೇಡ.