ಸೀಸೆಯೊಳಗಿನ ಮುಕ್ಕಾಲು ಗಂಟೆ

ಅಕ್ಟೋಬರಿನ ಒಂದು ಬೆಳಗ್ಗೆ ಬಾಗಿಲು ತೆರೆದಾಗ ಗಾಳಿ ತುಸು ಚುರುಕಾಗಿದ್ದರೆ ಸಾಕು, ಅಮೆರಿಕದ ಲೂಸಿಯಾನಾದ ಬ್ಯಾಟನ್ ರೂಜಿನಲ್ಲಿ ಮನೆಮನೆಯಲ್ಲೂ ದೊಡ್ಡ ಪಾತ್ರೆ ಒಲೆ ಏರುತ್ತದೆ. ನಮ್ಮಲ್ಲಿ ನಾಲ್ಕು ಹನಿ ಬಿದ್ದ ಕೂಡಲೇ ಬಜ್ಜಿಗೆ ಎಣ್ಣೆ ಇಡುವ ಹಾಗೆ. ಮಧ್ಯಾಹ್ನಕ್ಕೆ ಮತ್ತೆ ಅಂಗಿ ಒದ್ದೆಯಾಗುವಷ್ಟು ಸೆಕೆ ಬರಬಹುದು, ಅದು ಬೇರೆ ಮಾತು. ‘ಇದು ಗಂಬೋ ಹವೆ’ ಎಂದು ಕಚೇರಿಯ ಲಿಫ್ಟಿನಲ್ಲಿ ಗುರುತಿಲ್ಲದವರೂ ಹೇಳಿಕೊಂಡು ನಗುತ್ತಾರೆ.

ಗಂಬೋ ಎಂದರೆ ಸಾರಿಗಿಂತ ಮಂದ, ಗೊಜ್ಜಿಗಿಂತ ತೆಳು. ಕೋಳಿ ಮತ್ತು ಹೊಗೆ ಹಿಡಿಸಿದ ಆಂಡೂಯಿ ಸಾಸೇಜು ಹಾಕುವುದುಂಟು, ಸೀಗಡಿ, ಏಡಿ ಹಾಕುವುದುಂಟು. ಅನ್ನದ ಮೇಲೆ ಸುರಿದುಕೊಂಡು ಉಣ್ಣುತ್ತಾರೆ. ಲೂಸಿಯಾನಾ ರಾಜ್ಯ 2004ರಲ್ಲಿ ಇದನ್ನು ತನ್ನ ಅಧಿಕೃತ ಅಡುಗೆ ಎಂದೇ ಘೋಷಿಸಿತು. ಟೊಮೇಟೊ ಹಾಕಬೇಕೇ ಬೇಡವೇ ಎಂಬುದರ ಮೇಲೆ ಸಂಸಾರಗಳು ಮುನಿಸಿಕೊಳ್ಳುವ ಊರಿದು. ನ್ಯೂ ಆರ್ಲಿಯನ್ಸಿನಲ್ಲಿ ಫ್ರೆಂಚ್, ಸ್ಪ್ಯಾನಿಷ್, ಆಫ್ರಿಕನ್ ಬೇರುಗಳು ಬೆರೆತ ಕ್ರಿಯೋಲ್ ಮನೆಗಳಲ್ಲಿ ಕೆಲವರು ಹಾಕುತ್ತಾರೆ. ಪಶ್ಚಿಮದ ಕೇಜನ್ ಸೀಮೆಯಲ್ಲಿ, ಅಂದರೆ ಕೆನಡಾದಿಂದ ಬಂದು ನೆಲೆಸಿದ ಫ್ರೆಂಚರ ಸಂತತಿಯವರ ನಡುವೆ, ಕೇಳಿದರೆ ನಿಮ್ಮನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡುತ್ತಾರೆ.

ಎಲ್ಲದಕ್ಕೂ ಬುನಾದಿ ‘ರೂ’. ಸಮಸಮ ಮೈದಾ, ಎಣ್ಣೆ, ಸಣ್ಣ ಉರಿ, ಬಿಡದೆ ಕೈಯಾಡಿಸುವುದು. ಮೊದಲು ಮಜ್ಜಿಗೆಹುಳಿಯ ಬಣ್ಣ, ಆಮೇಲೆ ಹುರಿದ ಕಡಲೆಕಾಯಿಯದು, ಆಮೇಲೆ ಬೆಳಗದೆ ಬಿಟ್ಟ ತಾಮ್ರದ ಬಿಂದಿಗೆಯದು, ಕೊನೆಗೆ ಜೋನಿಬೆಲ್ಲದ್ದು. ಇಷ್ಟಾಗುವುದಕ್ಕೆ ಮುಕ್ಕಾಲು ಗಂಟೆ ಬೇಕು. ನನ್ನ ಮೊದಲ ರೂ ತಾಮ್ರದ ಬಿಂದಿಗೆಯವರೆಗೂ ಸುಸೂತ್ರವಾಗಿ ಬಂದಿತ್ತು. ಅಷ್ಟರಲ್ಲಿ ಮೊಬೈಲ್ ರಿಂಗಾಯಿತು. ಊರಿನಿಂದ ಚಿಕ್ಕಪ್ಪ. ‘ಆಮೇಲೆ ಮಾಡುತ್ತೇನೆ’ ಎನ್ನುವಷ್ಟರಲ್ಲಿ ಕರಿ ಚುಕ್ಕಿಗಳು ಎದ್ದವು. ಚುಕ್ಕಿ ಎದ್ದರೆ ಮುಗಿಯಿತು. ಒಗ್ಗರಣೆ ಸೀದಂತೆ, ಯಾವ ಮಸಾಲೆಯೂ ಆ ಕಹಿಯನ್ನು ಮುಚ್ಚಲಾರದು.

ನಮ್ಮ ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಕೇಜನ್ ಹೆಂಗಸೊಬ್ಬರಿದ್ದಾರೆ. ಅವರ ಗಂಬೋ ಉಂಡ ರಾತ್ರಿ ನಾನು ನನ್ನ ಕೈಯ ಅಡುಗೆಯ ಬಗ್ಗೆ ಬೇಸರಪಟ್ಟುಕೊಂಡೇ ಮಲಗುತ್ತಿದ್ದೆ. ಒಮ್ಮೆ ಬಟ್ಟಲು ಹಿಂದಿರುಗಿಸಲು ಹೋದಾಗ ಅಡುಗೆಮನೆಯ ಕಪಾಟು ತೆರೆದಿತ್ತು. ಒಳಗೆ ಸಾಲಾಗಿ ಮೂರು ಸೀಸೆ, ಅಂಗಡಿಯ ರೂ! ಕಳ್ಳತನ ಸಿಕ್ಕಿತೆಂದು ನಾನು ನಕ್ಕರೆ ಅವರು ನಾಚಲೂ ಇಲ್ಲ. “ಐದು ಮಕ್ಕಳನ್ನು ಸಾಕುತ್ತಾ ನೌಕರಿಯನ್ನೂ ಮಾಡಿದವಳು ನಾನು. ದಿನಾ ಮುಕ್ಕಾಲು ಗಂಟೆ ಎಲ್ಲಿಂದ ತರಲಿ? ಯಾರೋ ಕೈಯಾಡಿಸಿದ್ದಾರಲ್ಲ, ಆಯಿತು.”

ಅಂದಿನಿಂದ ನಾನೂ ಸೀಸೆಯ ಭಕ್ತ. ಬರೆದಿರುವ ಸಾಮಗ್ರಿ ಎರಡೇ, ಹಿಟ್ಟು ಮತ್ತು ಎಣ್ಣೆ. ಎಣ್ಣೆ ಮೇಲೆ ತೇಲಿ ಕೆಳಗೆ ಕಂದು ಗಸಿ ಕೂತಿರುತ್ತದೆ. ಚಮಚ ಹಾಕಿ ತಿರುವಿದರೆ ಮಣಿಕಟ್ಟು ನೋಯುವಷ್ಟು ಗಟ್ಟಿ. ಎರಡು ಲೀಟರ್ ಕುದಿಯುವ ಸಾರಿಗೆ ಅರ್ಧ ಕಪ್ಪಿನಷ್ಟು, ಅದೂ ಚಮಚ ಚಮಚವಾಗಿ, ಒಂದು ಕರಗಿದ ಮೇಲೆ ಇನ್ನೊಂದು. ಧಾರಾಳಿಯಾದರೆ ಕಹಿ. ಆಮೇಲೆ ಒಂದು ಗಂಟೆ ಸುಮ್ಮನೆ ಕುದಿಯಬೇಕು, ಹಿಟ್ಟಿನ ವಾಸನೆ ಹೋಗಲು. ಕೈಯಾಡಿಸುವುದನ್ನು ಅಂಗಡಿಯವನು ಮಾಡಿಕೊಟ್ಟಾನು, ಕುದಿಯುವುದನ್ನು ಮಾಡಿಕೊಡಲಾರ. ಎಣ್ಣೆಯಿಲ್ಲದೆ ಹುರಿದ ಒಣ ಪುಡಿಯ ರೂ ಕೂಡ ಸಿಗುತ್ತದೆ. ನೋಡಲು ನಮ್ಮ ಸಾರಿನ ಪುಡಿಯೇ. ಅದನ್ನೂ ಒಂದು ಸೀಸೆ ಇಟ್ಟುಕೊಂಡಿದ್ದೇನೆ.

ಈರುಳ್ಳಿ, ಸೆಲರಿ, ದಪ್ಪ ಮೆಣಸಿನಕಾಯಿ ಈ ಮೂರಕ್ಕೆ ಇಲ್ಲಿಯವರು ‘ಪವಿತ್ರ ತ್ರಿಮೂರ್ತಿ’ ಎನ್ನುತ್ತಾರೆ. ತ್ರಿಮೂರ್ತಿಗಳು ಹೆಚ್ಚಿ, ಹೆಪ್ಪುಗಟ್ಟಿಸಿದ ಪೊಟ್ಟಣದಲ್ಲೇ ದರ್ಶನ ಕೊಡುತ್ತಾರೆ. ನೀರು ಬಿಡುತ್ತವೆ ಎಂಬುದೊಂದೇ ತಕರಾರು. ಅದು ಇಂಗುವವರೆಗೆ ಬಾಣಲೆಯಲ್ಲಿ ಬಾಡಿಸಿದರೆ ಸರಿಹೋಗುತ್ತದೆ. ಕೋಳಿಯೂ ಅಂಗಡಿಯದೇ, ಇಡಿಯಾಗಿ ಸುಟ್ಟದ್ದು. ಮಾಂಸ ಬಿಡಿಸಿಟ್ಟು ಮೂಳೆಗಳನ್ನು ಕುದಿಸಿದರೆ ಮನೆಯ ಸಾರೇ ಆಯಿತು. ಡಬ್ಬಿಯ ಸಾರು ತಂದರೆ ಮಾತ್ರ ಕೆಟ್ಟಿರಿ: ಅದರಲ್ಲಿ ಉಪ್ಪು, ಸಾಸೇಜಿನಲ್ಲಿ ಉಪ್ಪು, ಮಸಾಲೆ ಡಬ್ಬಿಯಲ್ಲೂ ಉಪ್ಪು. ಅಕ್ಕಿಯನ್ನೂ ಸೇರಿಸಿ ಪೊಟ್ಟಣದಲ್ಲಿ ಬರುವ ಸಿದ್ಧ ಗಂಬೋ ಬಗ್ಗೆ ನಾನು ಮಾತನಾಡುವುದಿಲ್ಲ. ಸೋಮಾರಿತನಕ್ಕೂ ಒಂದು ಮರ್ಯಾದೆ ಬೇಡವೇ?

ಹೋದ ವರ್ಷ ಅಮ್ಮ ಮಂಡ್ಯದಿಂದ ಬಂದಿದ್ದರು. ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, “ಕೊಂಡು ತಂದ ಸಾರೇನೋ ಇದು?” ಎಂದರು, ನೆಂಟರ ಮನೆಯಲ್ಲಿ ತಂಗಳು ಬಡಿಸಿದಂತೆ. ಎರಡು ಕಿಲೋ ಸಾರಿನ ಪುಡಿಯನ್ನು ಮೂರು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ತಂದವರು ಅವರೇ.

“ನಿಮ್ಮ ಪುಡಿಯೂ ನನಗೆ ಸಿದ್ಧ ಸಾಮಾನೇ ಅಲ್ಲವೇನಮ್ಮಾ?”

“ಅದು ನಾನು ಹುರಿದದ್ದು ಕಣೋ.”

“ಇದನ್ನೂ ಯಾರೋ ಹುರಿದಿದ್ದಾರೆ.”

“ಆ ಯಾರೋ ನಿನ್ನ ತಾಯಿಯೇನೋ?” ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅವರ ಮನಸ್ಸು ಕರಗಿದ್ದು ಬೆಂಡೆಕಾಯಿ ಕಂಡಾಗ. ಹೆಪ್ಪುಗಟ್ಟಿದ ಬಿಲ್ಲೆಗಳನ್ನು ನಾನು ನೇರ ಪಾತ್ರೆಗೆ ಸುರಿಯಲು ಹೋದರೆ, ಕೈ ಹಿಡಿದು ನಿಲ್ಲಿಸಿ, ಬೇರೆ ಬಾಣಲೆಯಲ್ಲಿ ಲೋಳೆ ಹೋಗುವವರೆಗೆ ಹುರಿದರು. ಗಂಬೋ ಬಲ್ಲವರೂ ಹೀಗೆಯೇ ಮಾಡುತ್ತಾರೆ. ಗಂಬೋ ಎಂಬ ಹೆಸರು ಬಂದದ್ದೇ ಬೆಂಡೆಕಾಯಿಗೆ ಮಧ್ಯ ಆಫ್ರಿಕದ ಬಂಟು ಭಾಷೆಗಳಲ್ಲಿರುವ ಪದದಿಂದ ಎನ್ನುತ್ತಾರೆ. ಗುಲಾಮರಾಗಿ ಬಂದವರು ಆ ಕಾಯಿಯನ್ನೂ ರುಚಿಯನ್ನೂ ತಂದರು. ಇಲ್ಲಿನ ಮೂಲನಿವಾಸಿ ಚಾಕ್ಟಾ ಜನ ಸಾಸಫ್ರಾಸ್ ಎಲೆಯ ಪುಡಿ ಕೊಟ್ಟರು. ಆ ‘ಫಿಲೆ’ ಪುಡಿಯನ್ನು ಒಲೆ ಆರಿಸಿದ ಮೇಲೆ ಉದುರಿಸಬೇಕು. ಕುದಿಯಲು ಬಿಟ್ಟರೆ ಗಂಬೋ ನಾರುನಾರಾಗುತ್ತದೆ.

ಅನ್ನ ಬಡಿಸಿದೆ. ಅಮ್ಮ ತಟ್ಟೆ ಪಕ್ಕಕ್ಕೆ ಸರಿಸಿ, ಎದ್ದು ಹೋಗಿ, ಎಸರಿಟ್ಟು ಮುದ್ದೆ ತಿರುವಿ ತಂದರು. ಗಂಬೋದಲ್ಲಿ ಅದ್ದಿ ಒಂದು ತುತ್ತು ನುಂಗಿ, “ಈಗ ಸರಿ” ಎಂದರು. ನನಗೆ ನಗು ಬಂತು. ಪಶ್ಚಿಮ ಆಫ್ರಿಕದಲ್ಲಿ ಇಂದಿಗೂ ಬೆಂಡೆಕಾಯಿಯ ಸಾರನ್ನು ಫೂಫೂ ಎಂಬ ಮುದ್ದೆಯನ್ನು ಅದ್ದಿ, ಅಗಿಯದೆ ನುಂಗಿಯೇ ಉಣ್ಣುತ್ತಾರೆ. ಪಕ್ಕದ ಮನೆಯವರಿಗೂ ತಿಳಿಯದ ಹಳೆಯ ದಾರಿಯನ್ನು ಮಂಡ್ಯದಿಂದ ಬಂದ ಅಮ್ಮ ಒಂದೇ ತುತ್ತಿಗೆ ಹಿಡಿದಿದ್ದರು.

ಹೊರಡುವ ಮುನ್ನ ಅವರು ಖಾಲಿಯಾಗಿದ್ದ ಒಣ ರೂ ಸೀಸೆಯನ್ನು ತೊಳೆದು, ಒಣಗಿಸಿ, ಉಳಿದ ಸಾರಿನ ಪುಡಿ ತುಂಬಿಟ್ಟರು. “ಗಾಜು ಗಟ್ಟಿಯಾಗಿದೆ, ಎಸೆಯಬೇಡ.” ಚೀಟಿ ಹಾಗೆಯೇ ಇತ್ತು.

ಈ ಅಕ್ಟೋಬರಿನಲ್ಲಿ ಮೊದಲ ತಣ್ಣನೆಯ ಸಂಜೆ, ನೆಗಡಿಯ ಮೂಗು ಒರೆಸಿಕೊಳ್ಳುತ್ತಾ, ಆ ಸೀಸೆಯಿಂದ ಧಾರಾಳವಾಗಿ ನಾಲ್ಕು ಚಮಚ ಸುರಿದೆ. ತಪ್ಪು ತಿಳಿಯುವಷ್ಟರಲ್ಲಿ ಪಕ್ಕದ ಮನೆಯವರು ಬಟ್ಟಲು ಹಿಡಿದು ಬಂದೇಬಿಟ್ಟಿದ್ದರು. ಬೆವರು ಒರೆಸಿಕೊಳ್ಳುತ್ತಾ ಎರಡು ಸಲ ಹಾಕಿಸಿಕೊಂಡು ಉಂಡರು. ಹೋಗುವಾಗ ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ ಕೇಳಿದರು: “ಯಾವ ಅಂಗಡಿಯ ಸೀಸೆ ಅದು?”