ಐರ್ಲೆಂಡಿನ ಹಾವುಗಳನ್ನು ಓಡಿಸಿದ್ದು ಸಂತ ಪ್ಯಾಟ್ರಿಕ್ ಅಲ್ಲ

5ನೇ ಶತಮಾನದ ಬಿಷಪ್ ಸಂತ ಪ್ಯಾಟ್ರಿಕ್ ಐರ್ಲೆಂಡಿನ ಹಾವುಗಳನ್ನೆಲ್ಲ ಕಡಲಿಗೆ ಅಟ್ಟಿದರು ಎಂಬ ಸಂದೇಶ ಮಾರ್ಚ್ 17ರ ಹಬ್ಬದ ಹೊತ್ತಿಗೆ ಮತ್ತೆ ಮತ್ತೆ ಬರುತ್ತದೆ. ಅಲ್ಲಿ ಕಾಡುಹಾವುಗಳಿಲ್ಲ ಎನ್ನುವುದು ನಿಜ. ಹೇಳುವ ಕಾರಣ ತಪ್ಪು. ಹಿಮಯುಗದ ಚಳಿಯಲ್ಲಿ ಹಾವು ಬದುಕುವಂತಿರಲಿಲ್ಲ, ಹಿಮ ಕರಗಿದ ಮೇಲೆ ಸಮುದ್ರ ಅಡ್ಡವಾಯಿತು.

ಇಂಥ ಕಥೆಗಳಲ್ಲಿ ಮೊದಲು ಬರಹದ ಕಾಲ ನೋಡಿ. ಪ್ಯಾಟ್ರಿಕ್ ಸ್ವತಃ ಬರೆದ ಎರಡು ಲ್ಯಾಟಿನ್ ಬರಹಗಳು ಉಳಿದಿವೆ. ಅನುವಾದ ಅಂತರ್ಜಾಲದಲ್ಲಿ ಉಚಿತ. ಹಾವೆಂದು ಹುಡುಕಿದರೆ, ಆ ಎರಡರಲ್ಲಿ ಒಂದಾದ ಪತ್ರದಲ್ಲಿ ಬೈಬಲಿನ ಒಂದು ಉಲ್ಲೇಖ ಸಿಕ್ಕೀತು (ಅದನ್ನೇ ಪುರಾವೆ ಎಂದುಕೊಳ್ಳಬೇಡಿ), ಓಡಿಸಿದ ಮಾತಿಲ್ಲ. ರೋಮನ್ ಲೇಖಕ ಸೊಲೈನಸ್ ಪ್ಯಾಟ್ರಿಕ್‌ಗಿಂತ ಮೊದಲೇ ಅಲ್ಲಿ ಹಾವಿಲ್ಲ ಎಂದಿದ್ದ. ಅಟ್ಟಿದ ಕಥೆ 12ನೇ ಶತಮಾನದ ಬರಹಗಳಲ್ಲಿ ಕಾಣುತ್ತದೆ.

ಜುಲೈ ಕೊನೆಯ ಭಾನುವಾರ ಐರ್ಲೆಂಡಿನ 764 ಮೀಟರಿನ ಕ್ರೋ ಪ್ಯಾಟ್ರಿಕ್ ಬೆಟ್ಟವನ್ನು, ಕೆಲವರು ಬರಿಗಾಲಲ್ಲೇ, ಹತ್ತುವ ಭಕ್ತರು ನೆನೆಯುವುದು ಸಂತ ಪ್ಯಾಟ್ರಿಕ್ ಅಲ್ಲಿ ಮಾಡಿದರೆನ್ನುವ 40 ದಿನಗಳ ಉಪವಾಸವನ್ನು.